ಮನೆವಾರ್ತೆ: ಬೆಟ್ಟದ ಬಳಿ ಎರಡು ದಿನದ ಬಿಡಾರ

ಮಾಲೂರಿನ ಸೋದರಿಯೊಬ್ಬರು ಈ ಪುಟಕ್ಕೆ ಬರೆದಿರುವ ಕಾಗದದಲ್ಲಿ ಒಂದು ಪ್ರಶ್ನೆಯನ್ನು ಕೇಳಿದ್ದಾರೆ. ಶನಿವಾರ ಭಾನುವಾರಗಳಲ್ಲಿ ಬೆಟ್ಟ ಹತ್ತಿ, ಡೇರೆ ಹಾಕಿ, ಒಂದು ರಾತ್ರಿಯನ್ನು ಬಯಲಿನಲ್ಲಿ ಕಳೆದು ಬರಬೇಕೆಂದು ಅವರ ಮಕ್ಕಳು ಹಟ ಹಿಡಿದಿರುವರಂತೆ. ಯಜಮಾನರಿಗೂ ಮನಸ್ಸುಂಟು, ಆದರೆ ಕೈಯಲ್ಲಿ ಹೆಚ್ಚು ಹಣವಿಲ್ಲ. ಕಡಮೆ ಖರ್ಚಿನಲ್ಲಿ ಈ ಸಂತೋಷವನ್ನು ಪಡೆಯುವ ಬಗೆ ಹೇಗೆ ಎಂಬುದು ಅವರ ಪ್ರಶ್ನೆ. ಅದರ ಕೆಳಗೆ ಇನ್ನೊಂದು ಸಾಲನ್ನೂ ಸೇರಿಸಿದ್ದಾರೆ: ಇಂಥ ಪ್ರಯಾಣಗಳಲ್ಲಿ ಖರ್ಚು ಕಡಮೆಯಾದಷ್ಟೂ ತಮ್ಮ ಕೆಲಸ ಹೆಚ್ಚಾಗುತ್ತದೆಯೆಂದು. ಈ ತಿಂಗಳ ಬರಹವನ್ನೆಲ್ಲ ಆ ಒಂದು ಸಾಲಿಗೆ ಕೊಟ್ಟ ಉತ್ತರವೆಂದು ಓದುಗರು ತಿಳಿಯಬಹುದು.

ಮಿತವ್ಯಯವೆಂದರೆ ಹಣವನ್ನು ಉಳಿಸುವುದೆಂದು ಎಲ್ಲರೂ ಬಲ್ಲರು. ಆದರೆ ಉಳಿದ ಹಣದ ಭಾರವು ಎಲ್ಲಿಗೆ ಹೋಯಿತೆಂಬುದನ್ನು ವಿಚಾರಿಸುವವರು ಕಡಮೆ. ಹೋಟಲಿನ ಊಟ ಬೇಡವೆಂದು ನಿಶ್ಚಯಿಸಿದರೆ ಆ ಊಟವನ್ನು ಮನೆಯಲ್ಲಿ ಒಬ್ಬರು ಬೆಳಗಿನ ಮೂರು ಗಂಟೆಗೆ ಎದ್ದು ಮಾಡಬೇಕು. ನೀರಿನ ಸೀಸೆ ಕೊಳ್ಳುವುದು ಬೇಡವೆಂದರೆ ಆ ನೀರನ್ನು ಯಾರಾದರೂ ಹೊರಬೇಕು, ಇಲ್ಲವೆ ಯಾವುದಾದರೂ ಹಳ್ಳಿಯವರು ತಮ್ಮ ಪಾಲಿನಿಂದ ಕೊಡಬೇಕು. ಹೀಗೆ ನಮ್ಮ ಚೀಲದಿಂದ ಇಳಿದ ಭಾರವು ಮತ್ತೊಬ್ಬರ ಬೆನ್ನಿಗೆ ಏರಿದರೆ ಅದು ಉಳಿತಾಯವಲ್ಲ, ಸಾಲ. ಆದಕಾರಣ ಬೆಟ್ಟದ ಬಿಡಾರದ ಲೆಕ್ಕವನ್ನು ಬರೆಯುವಾಗ ರೂಪಾಯಿಗಳ ಜೊತೆಗೆ ಮನೆಯಾಕೆಯ ದುಡಿಮೆ, ಹಳ್ಳಿಯ ನೀರು, ಬೆಟ್ಟದ ಹುಲ್ಲು ಮರಗಳು ಇವನ್ನೂ ಲೆಕ್ಕದಲ್ಲಿ ಸೇರಿಸತಕ್ಕದ್ದು. ಹಾಗೆ ಬರೆದ ಲೆಕ್ಕವೂ ಅಗ್ಗವಾಗಿಯೇ ಇರಬಲ್ಲದೆಂದು ತೋರಿಸುವುದೇ ಇಲ್ಲಿನ ಉದ್ದೇಶ.

ಯಾವ ಬೆಟ್ಟ?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಪ್ರಯಾಣ ಹೊರಡುವವರು ಮೊದಲು ನೆನೆಯಬೇಕು. ಬೆಟ್ಟವೆಂದ ಕೂಡಲೆ ಕೊಡಗು, ಚಿಕ್ಕಮಗಳೂರುಗಳ ಹೆಸರು ನಾಲಗೆಗೆ ಬರುವುದು ಸಹಜವೆ. ಆದರೆ ಎರಡೇ ದಿನಗಳ ಬಿಡುವಿನಲ್ಲಿ ಅಷ್ಟು ದೂರ ಹೋದರೆ ಒಂದು ದಿನ ದಾರಿಯಲ್ಲಿಯೇ ಕಳೆಯುವುದು; ಹಣದ ಬಹುಭಾಗವೂ ವಾಹನಕ್ಕೇ ಸಲ್ಲುವುದು. ಕೋಲಾರದ ಸೀಮೆಗೆ ತುಂಬಿ ಹರಿಯುವ ನದಿಯ ಭಾಗ್ಯವಿಲ್ಲ. ಬೆಟ್ಟಗಳ ಭಾಗ್ಯಕ್ಕೆ ಮಾತ್ರ ಕೊರತೆಯಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಯಾವುದರಲ್ಲಿ ವಾಸವಾಗಿದ್ದರೂ ಒಂದು ಗಂಟೆಯ ಪ್ರಯಾಣದೊಳಗೆ ಹತ್ತಲು ಯೋಗ್ಯವಾದ ಒಂದು ಬೆಟ್ಟ ಸಿಕ್ಕೇ ಸಿಕ್ಕುವುದು.

ಕೋಲಾರದವರಿಗೆ ಅಂತರಗಂಗೆಯಿದೆ. ಊರಿನಿಂದ ಮೂರು ನಾಲ್ಕು ಕಿಲೋಮೀಟರು ದೂರದಲ್ಲಿ ಶತಶೃಂಗವೆಂದು ಹೆಸರಾದ ಬೆಟ್ಟಸಾಲಿನ ಮಗ್ಗುಲಿನಲ್ಲಿ ಕಾಶಿ ವಿಶ್ವೇಶ್ವರನ ಗುಡಿಯಿದೆ. ಅಲ್ಲಿಗೆ ಕಲ್ಲಿನ ಮೆಟ್ಟಿಲುಗಳುಂಟು. ಬೆಟ್ಟದ ಒಡಲಿನಿಂದ ಒಸರುವ ನೀರು ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುತ್ತದೆ. ಕೆರೆಬಾವಿಗಳು ಬತ್ತುವ ಈ ಸೀಮೆಯಲ್ಲಿ ಈ ಒರತೆಯನ್ನು ಜನರು ಗಂಗೆಯೆಂದು ಕರೆದುದರಲ್ಲಿ ಆಶ್ಚರ್ಯವೇನೂ ಇಲ್ಲ. ಗುಡಿಯಿಂದ ಮೇಲಕ್ಕೆ ಹೋದರೆ ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ಬಿದ್ದುಕೊಂಡು, ನಡುವೆ ಗವಿಗಳಾಗಿವೆ. ಇವು ಅಗ್ನಿಪರ್ವತದ ಕಲ್ಲುಗಳೆಂದು ಹೇಳುವವರುಂಟು. ವಾಸ್ತವವಾಗಿ ಇವು ಗ್ರಾನೈಟು ಜಾತಿಯ ಕಲ್ಲುಗಳು. ಯುಗಯುಗಗಳ ಬಿಸಿಲು ಮಳೆಗಳಿಗೆ ಸೀಳಿ, ಅಂಚು ಸವೆದು, ಗುಂಡಾಗಿ ಉರುಳಿ ನಿಂತಿವೆ. ಗವಿಗಳಲ್ಲಿ ಕೆಲವೆಡೆ ತೆವಳಿಕೊಂಡೇ ಹೋಗಬೇಕು. ಚಿಕ್ಕ ಮಕ್ಕಳೂ ವಯಸ್ಸಾದವರೂ ಇರುವ ಸಂಸಾರವು ಸ್ಥಳ ಬಲ್ಲವರ ಜೊತೆಯಿಲ್ಲದೆ ಅವುಗಳೊಳಗೆ ಇಳಿಯದಿರುವುದು ಕ್ಷೇಮ. ಗವಿಗಳನ್ನು ಬಿಟ್ಟರೂ ನಷ್ಟವಿಲ್ಲ. ಬೆಟ್ಟದ ಮೇಲೆಯೇ ತೇರಹಳ್ಳಿ ಮೊದಲಾದ ಊರುಗಳಿವೆ, ಹೊಲಗಳಿವೆ. ಅಲ್ಲಿನ ಅಂಚಿಗೆ ಹೋಗಿ ನಿಂತರೆ ಕೋಲಾರದ ಬಯಲು, ಕೆರೆಗಳ ಸಾಲು ಕಣ್ಣಿಗೆ ಹಬ್ಬವಾಗುತ್ತದೆ.

ಮಾಲೂರಿನವರಿಗೆ ಟೇಕಲ್ ಹತ್ತಿರ. ಬೆಂಗಳೂರು ಬಂಗಾರಪೇಟೆಗಳ ನಡುವಣ ರೈಲುದಾರಿಯಲ್ಲಿ ಮಾಲೂರನ್ನು ದಾಟಿದ ಮೇಲೆ ಸಿಕ್ಕುವ ಸಣ್ಣ ನಿಲ್ದಾಣವದು. ಸುತ್ತಲೂ ಬಂಡೆಗುಡ್ಡಗಳು, ಊರಿನಲ್ಲಿ ವರದರಾಜಸ್ವಾಮಿಯ ಹಳೆಯ ದೇವಾಲಯ. ಪ್ಯಾಸೆಂಜರು ರೈಲಿನಲ್ಲಿ ಹೋದರೆ ಟಿಕೆಟ್ಟಿನ ವೆಚ್ಚ ಅತ್ಯಲ್ಪ. ಆದರೆ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ; ಮರಳಿ ಬರುವ ಗಾಡಿಯ ವೇಳೆಯನ್ನು ಹೊರಡುವ ಮುನ್ನವೇ ಬರೆದಿಟ್ಟುಕೊಳ್ಳತಕ್ಕದ್ದು.

ಮುಳಬಾಗಿಲಿನವರು ಪುಣ್ಯವಂತರು. ಮೂಡಲ ಬಾಗಿಲೆಂಬ ಹೆಸರೇ ಮುಳಬಾಗಿಲಾಯಿತು. ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಈ ಊರಿನ ಬೆನ್ನಿಗೇ ಒಂದು ಬೆಟ್ಟವಿದೆ. ಅಲ್ಲದೆ ತಾಲ್ಲೂಕಿನಲ್ಲಿ ಆವಣಿಯೂ ಕುರುಡುಮಲೆಯೂ ಇವೆ. ಆವಣಿಯು ವಾಲ್ಮೀಕಿಯ ಆಶ್ರಮವಾಗಿದ್ದಿತೆಂದೂ ಸೀತಾದೇವಿಯು ಲವಕುಶರನ್ನು ಅಲ್ಲಿಯೇ ಹಡೆದಳೆಂದೂ ಸ್ಥಳದ ಐತಿಹ್ಯ. ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ತಪ್ಪಲಿನಲ್ಲಿ ನೊಳಂಬರ ಕಾಲದ ದೇವಾಲಯಗಳ ಗುಂಪಿದೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ ಇವರ ಹೆಸರಿನ ಲಿಂಗಗಳು ಅಲ್ಲಿವೆ. ಕುರುಡುಮಲೆಯ ದೊಡ್ಡ ಗಣಪತಿಯನ್ನೂ ಸೋಮೇಶ್ವರನ ಗುಡಿಯ ಕಲ್ಲುಕೆಲಸವನ್ನೂ ನೋಡಿದ ಮಕ್ಕಳು ಇತಿಹಾಸದ ಪುಸ್ತಕವನ್ನು ಬೇರೆ ಕಣ್ಣಿನಿಂದ ಓದುವರು.

ಶ್ರೀನಿವಾಸಪುರವು ಪೂರ್ವದಲ್ಲಿ ಪಾಪನಪಲ್ಲಿಯಾಗಿದ್ದಿತು. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿನಿಂದ ಅದನ್ನು ಹೀಗೆ ಕರೆದರು. ಈಗ ಅದು ಮಾವಿಗೆ ಹೆಸರಾದ ಊರು. ಅಲ್ಲಿನವರಿಗೆ ಬೆಟ್ಟಕ್ಕಿಂತ ತೋಪು ಹತ್ತಿರ. ಪರಿಚಿತರ ಮಾವಿನ ತೋಪಿನಲ್ಲಿ ರಾತ್ರಿಯ ಬಿಡಾರ ಮಾಡಿ, ಬೆಳಗ್ಗೆ ಬೆಟ್ಟಕ್ಕೆ ಹೋಗಿಬರುವುದು ಅವರಿಗೆ ಅನುಕೂಲ. ಕಾಯಿ ಬಿಟ್ಟ ಕಾಲದಲ್ಲಿ ಮಾತ್ರ ತೋಪು ಸಾಮಾನ್ಯವಾಗಿ ಗುತ್ತಿಗೆದಾರನ ಕಾವಲಿನಲ್ಲಿರುವುದರಿಂದ ಒಡೆಯನ ಮಾತೊಂದೇ ಸಾಲದು, ಗುತ್ತಿಗೆದಾರನನ್ನೂ ಕೇಳಬೇಕು.

ಎರಡು ದಿನಗಳಲ್ಲಿ ಇವೆಲ್ಲವನ್ನೂ ನೋಡಿಬಿಡಬೇಕೆಂಬ ಆಸೆ ಬೇಡ. ಒಂದು ಬೆಟ್ಟ, ಒಂದು ಬಿಡಾರ: ಇದೇ ನಿಯಮವಾಗಿರಲಿ. ಗಂಟುಮೂಟೆಯನ್ನು ಒಂದು ಸಲ ಬಿಚ್ಚಿ ಒಂದು ಸಲ ಕಟ್ಟಿದರೆ ಆಯಿತು. ಮೂರು ಸಲ ಕಟ್ಟಿ ಬಿಚ್ಚುವ ಪ್ರಯಾಣದಲ್ಲಿ ಕಟ್ಟುವವರು ಯಾರೆಂಬುದು ಎಲ್ಲರಿಗೂ ತಿಳಿದೇ ಇದೆ.

ಕಾಲವೂ ಅಪ್ಪಣೆಯೂ

ಈ ಸೀಮೆಯಲ್ಲಿ ಬಯಲುವಾಸಕ್ಕೆ ಒಳ್ಳೆಯ ಕಾಲವೆಂದರೆ ಕಾರ್ತಿಕದಿಂದ ಮಾಘದವರೆಗೆ. ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಇಲ್ಲಿ ಮಳೆ ಹೆಚ್ಚು. ಬಂಡೆಗಳು ಪಾಚಿಗಟ್ಟಿ ಜಾರುವುವು. ಫಾಲ್ಗುಣ ಕಳೆದ ಮೇಲೆ ಬಂಡೆಯು ಹಗಲೆಲ್ಲ ಕಾದು ರಾತ್ರಿಯೂ ಬಿಸಿಯನ್ನು ಉಗುಳುತ್ತದೆ. ಚೈತ್ರ ವೈಶಾಖಗಳಲ್ಲಿ ಸಂಜೆಯ ವೇಳೆ ಸಿಡಿಲಿನ ಭಯವೂ ಉಂಟು. ಕೋಲಾರವು ಸಮುದ್ರಮಟ್ಟದಿಂದ ಸುಮಾರು 820 ಮೀಟರು ಎತ್ತರದಲ್ಲಿರುವುದರಿಂದ ಪುಷ್ಯಮಾಸದ ರಾತ್ರಿ ಬಯಲಿನಲ್ಲಿ ಚಳಿ ಚೆನ್ನಾಗಿಯೇ ಇರುವುದು.

ಇನ್ನು ಅಪ್ಪಣೆಯ ವಿಷಯ. ಬೆಟ್ಟಗಳಲ್ಲಿ ಬಹುಭಾಗ ಅರಣ್ಯ ಇಲಾಖೆಗೆ ಸೇರಿದ್ದು. ಮೀಸಲು ಕಾಡಿನಲ್ಲಿ ಅಪ್ಪಣೆಯಿಲ್ಲದೆ ನುಗ್ಗುವುದೂ ಬೆಂಕಿ ಹೊತ್ತಿಸುವುದೂ 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಯ ಭಯಕ್ಕಿಂತಲೂ ಹೆಚ್ಚಾಗಿ, ಒಣಗಿದ ಬಾದೆಹುಲ್ಲಿಗೆ ಒಂದು ಕಿಡಿ ತಾಕಿದರೆ ಗುಡ್ಡದ ಒಂದು ಮಗ್ಗುಲೇ ಸುಟ್ಟುಹೋಗುವುದೆಂಬುದನ್ನು ನೆನಪಿಡಬೇಕು. ಹೊರಡುವ ವಾರ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ, ಎಲ್ಲಿಗೆ ಹೋಗಬಹುದು, ಎಷ್ಟು ಹೊತ್ತಿಗೆ ಇಳಿದುಬರಬೇಕು, ಶುಲ್ಕವುಂಟೆ ಎಂಬುದನ್ನು ತಿಳಿದುಕೊಳ್ಳತಕ್ಕದ್ದು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಗೆ ಗಡಿಯಾಚೆಯ ಕಾಡಿನಿಂದ ಆನೆಗಳು ಬರುವುದುಂಟು. ಆ ದಿಕ್ಕಿನಲ್ಲಿ ಬಯಲುವಾಸದ ಯೋಚನೆಯನ್ನೇ ಬಿಡುವುದು ಲೇಸು.

ಸಂಸಾರವಂದಿಗರಿಗೆ ನಮ್ಮ ಸಲಹೆಯೇನೆಂದರೆ, ಹಗಲು ಬೆಟ್ಟ, ರಾತ್ರಿ ತಪ್ಪಲಿನ ಹಿಡುವಳಿ ಜಮೀನು. ನಂಟರದೋ ಸ್ನೇಹಿತರದೋ ಅವರು ತೋರಿಸಿಕೊಟ್ಟ ರೈತರದೋ ತೋಟವೊಂದನ್ನು ಗೊತ್ತುಮಾಡಿಕೊಳ್ಳಿ. ಅದರ ಹತ್ತಿರ ನೀರಿರಬೇಕು. ಹೆಂಗಸರು ಸಂಕೋಚವಿಲ್ಲದೆ ಉಪಯೋಗಿಸಬಹುದಾದ ಶೌಚದ ಮನೆ ಇರಬೇಕು. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಮನೆಯಿರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಸ್ಥಳ ಎಷ್ಟೇ ರಮ್ಯವಾಗಿರಲಿ, ಬೇಡ. ಎರಡನೆಯದು ಇಲ್ಲದ ಕಡೆ ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟು ಮೈ ಕೆಡಿಸಿಕೊಳ್ಳುವರು. ಕಾರಣವನ್ನು ಯಾರೊಡನೆಯೂ ಹೇಳುವುದಿಲ್ಲ.

ಖರ್ಚಿನ ಲೆಕ್ಕ

ಮಾಲೂರಿನ ಐದು ಮಂದಿಯ ಸಂಸಾರವೊಂದು ಅಂತರಗಂಗೆಗೆ ಹೊರಡುವುದೆಂದು ಇಟ್ಟುಕೊಳ್ಳೋಣ: ದಂಪತಿಗಳು, ಹದಿನಾಲ್ಕು ವರ್ಷದ ಮಗಳು, ಹತ್ತು ವರ್ಷದ ಮಗ, ಯಜಮಾನರ ತಂಗಿ. ಕೈಯಲ್ಲಿ ಎರಡು ಸಾವಿರ ರೂಪಾಯಿ ಇದೆ. ಕಾಗದದ ಮೇಲೆ ನಾಲ್ಕು ಕಲಮುಗಳನ್ನು ಎಳೆಯಿರಿ: ಪ್ರಯಾಣಕ್ಕೆ 400, ಆಹಾರಕ್ಕೆ 600, ಜಾಗ ಕೊಟ್ಟವರಿಗೂ ಹಳ್ಳಿಯಲ್ಲಿ ಕೊಳ್ಳುವುದಕ್ಕೂ 600, ಆಪತ್ತಿಗೆಂದು ಮುಟ್ಟದೆ ತೆಗೆದಿಡುವುದು 400. ಇದು ಮಾದರಿಯೇ ಹೊರತು ದರಪಟ್ಟಿಯಲ್ಲ. ಮೊತ್ತ ಹೆಚ್ಚಲಿ, ತಗ್ಗಲಿ, ಐದರಲ್ಲೊಂದು ಪಾಲು ಆಪತ್ತಿಗೆ ಮೀಸಲಾಗಿರಬೇಕು. ಮೂರನೆಯ ಕಲಮು ಆಹಾರದ ಕಲಮಿಗಿಂತ ಕಡಮೆಯಾಗಬಾರದು.

ಪ್ರಯಾಣದ ಕಲಮು ಇಷ್ಟು ಸಣ್ಣದಾಗಿರುವುದಕ್ಕೆ ಕಾರಣವಿದೆ. 2023ರ ಜೂನ್ 11ರಿಂದ ನಡೆದುಬರುತ್ತಿರುವ ಶಕ್ತಿ ಯೋಜನೆಯ ಪ್ರಕಾರ ಕರ್ನಾಟಕದ ನಿವಾಸಿಗಳಾದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡಬೇಕಾದುದಿಲ್ಲ. ವಿಳಾಸವಿರುವ ಗುರುತಿನ ಚೀಟಿಯನ್ನು ತೋರಿಸಬೇಕು. ಹುಡುಗನಿಗೆ ಅರ್ಧ ಟಿಕೆಟ್ಟು. ಹೀಗಾಗಿ ಐದು ಮಂದಿಗೆ ಹೋಗುವಾಗ ಒಂದೂವರೆ, ಬರುವಾಗ ಒಂದೂವರೆ, ಒಟ್ಟು ಮೂರು ಟಿಕೆಟ್ಟಿನ ಹಣ ಮಾತ್ರ. ಉಳಿದದ್ದು ಕೋಲಾರದ ನಿಲ್ದಾಣದಿಂದ ಬೆಟ್ಟದ ಬುಡಕ್ಕೂ ಬೆಟ್ಟದಿಂದ ಬಿಡಾರಕ್ಕೂ ಆಟೋ ಬಾಡಿಗೆಗೆ ಆಯಿತು. ಮನೆಯ ಹೆಂಗಸರಿಂದಲೇ ಉಳಿದ ಈ ಹಣವು ಅವರ ಶ್ರಮವನ್ನು ಕಡಮೆ ಮಾಡುವುದಕ್ಕೆ ವಿನಿಯೋಗವಾಗಲಿ. ಬೆಟ್ಟದ ಬುಡದ ತನಕ ಹೊರೆ ಹೊತ್ತು ನಡೆಯುವ ಬದಲು ಆಟೋ ಹತ್ತುವುದು ದುಂದಲ್ಲ.

ಡೇರೆಯನ್ನು ಕೊಳ್ಳಲು ಹೋಗಬೇಡಿ. ವರ್ಷಕ್ಕೊಮ್ಮೆ ಬಿಚ್ಚುವ ಸಾಮಾನಿಗೆ ಸಾವಿರಾರು ರೂಪಾಯಿ ಹಾಕುವುದು ಹಾಸಿಗೆಯಿಂದಾಚೆಗೆ ಕಾಲು ಚಾಚಿದಂತೆ. ಸ್ಕೌಟು ಮಕ್ಕಳ ದಳವಿರುವ ಶಾಲೆಯಲ್ಲಿಯೋ ಸ್ನೇಹಿತರಲ್ಲಿಯೋ ಎರವಲು ಸಿಕ್ಕಿದರೆ ಸರಿ. ಇಲ್ಲವಾದರೆ ದಪ್ಪ ಟಾರ್ಪಾಲಿನ್ನು ಎರಡು, ಹಗ್ಗ ಇಪ್ಪತ್ತು ಮೀಟರು ಸಾಕು: ಒಂದನ್ನು ನೆಲಕ್ಕೆ ಹಾಸಿ, ಇನ್ನೊಂದನ್ನು ಎರಡು ಮರಗಳ ನಡುವೆ ಹಗ್ಗದ ಮೇಲೆ ಇಳಿಬಿಟ್ಟು, ನಾಲ್ಕು ಮೂಲೆಗಳನ್ನು ಗೂಟಕ್ಕೆ ಕಟ್ಟಿದರೆ ಗುಡಾರವಾಯಿತು. ಅದರೊಳಗೆ ಸೊಳ್ಳೆಯ ಪರದೆಯನ್ನು ಕಟ್ಟಿ, ಅಂಚುಗಳನ್ನು ಹಾಸಿಗೆಯಡಿಗೆ ಸಿಕ್ಕಿಸತಕ್ಕದ್ದು. ಹೊದೆಯುವುದಕ್ಕೆ ಕುರಿಯುಣ್ಣೆಯ ಕಂಬಳಿಯಂಥದು ಮತ್ತೊಂದಿಲ್ಲ. ಮಂಜಿನಿಂದ ತೇವವಾದರೂ ಅದು ಬೆಚ್ಚಗಿರುವುದು; ಕಿಡಿ ಬಿದ್ದರೆ ಬೇಗನೆ ಹೊತ್ತಿಕೊಳ್ಳದು. ಅಜ್ಜನ ಕಾಲದ ಕಂಬಳಿ ಅಟ್ಟದ ಮೇಲಿದ್ದರೆ ಒಂದು ದಿನ ಬಿಸಿಲಿಗೆ ಹಾಕಿ ಕೊಡವಿ ಇಟ್ಟುಕೊಳ್ಳಿ.

ಆಹಾರ

ಬೆಟ್ಟದ ಊಟವು ಕೆಡದಂಥದು, ಹೊರುವುದಕ್ಕೆ ಹಗುರವಾದದ್ದು, ಒಂದೇ ಪಾತ್ರೆಯಲ್ಲಿ ಆಗುವಂಥದು ಇರಬೇಕು. ತೆಂಗಿನಕಾಯಿಯ ಚಟ್ನಿ, ಮೊಸರನ್ನ, ಪಲ್ಯಗಳು ಬಿಸಿಲಿಗೆ ಹುಳಿತುಹೋಗುವುವು. ಹುಣಿಸೆಯ ಗೊಜ್ಜಿನ ಪುಳಿಯೋಗರೆಯು ಸಂಜೆಯವರೆಗೂ ನಿಲ್ಲುವುದು. ಐದು ಮಂದಿಗೆ ಎರಡು ದಿನದ ಸಾಮಗ್ರಿ ಹೀಗೆ: ಪುಳಿಯೋಗರೆಗೆ ಅಕ್ಕಿ ಮುಕ್ಕಾಲು ಕಿಲೋ, ರಾತ್ರಿಯ ಬಿಸಿಬೇಳೆ ಹುಳಿಯನ್ನಕ್ಕೆ ಅಕ್ಕಿ ಮುಕ್ಕಾಲು ಕಿಲೋ, ತೊಗರಿಬೇಳೆ ಕಾಲು ಕಿಲೋ, ಗಟ್ಟಿ ಅವಲಕ್ಕಿ ಅರ್ಧ ಕಿಲೋ, ರಾಗಿಯ ಹುರಿಹಿಟ್ಟು ಅರ್ಧ ಕಿಲೋ, ಬೆಲ್ಲ ಅರ್ಧ ಕಿಲೋ, ಹುರಿದ ಕಡಲೆಕಾಯಿ ಅರ್ಧ ಕಿಲೋ, ಬಾಳೆಯಹಣ್ಣು ಹತ್ತು, ನಿಂಬೆಹಣ್ಣು ಆರು, ಉಪ್ಪು, ಎಣ್ಣೆ, ಸಾರಿನ ಪುಡಿ, ಒಗ್ಗರಣೆಯ ಸಾಮಾನು. ತರಕಾರಿಯನ್ನೂ ಹಾಲನ್ನೂ ಹೊತ್ತುಕೊಂಡು ಹೋಗಬೇಕಾಗಿಲ್ಲ. ಬಿಡಾರದ ಹಳ್ಳಿಯಲ್ಲಿಯೇ ಕೊಳ್ಳಿರಿ. ಅವರೆಯ ಕಾಲವಾದರೆ ಸೊಗಡವರೆಕಾಯಿ ಸಿಕ್ಕುವುದು. ಮಕ್ಕಳು ಬಿಡಿಸುತ್ತ ಕುಳಿತರೆ ಸಂಜೆಯ ಹೊತ್ತು ಹೋದದ್ದೇ ತಿಳಿಯದು.

ಹುರಿಹಿಟ್ಟಿನ ಗುಣವನ್ನು ಈಚಿನವರು ಮರೆಯುತ್ತಿದ್ದಾರೆ. ಒಲೆ ಬೇಡ, ಪಾತ್ರೆ ಬೇಡ. ಬೆಲ್ಲದ ನೀರಿನಲ್ಲಿ ಕಲಸಿದರೆ ಹಸಿವು ತೀರಿತು. ದಣಿದ ಹುಡುಗನಿಗೆ ಪೊಟ್ಟಣದ ತಿಂಡಿಗಿಂತ ಅದು ಹೆಚ್ಚು ಹೊತ್ತು ಬಲ ಕೊಡುವುದು, ಬೆಲೆಯೂ ಅಲ್ಪ.

ಒಲೆಯನ್ನು ತೋಟದ ಒಡೆಯರು ತೋರಿಸಿದ ಜಾಗದಲ್ಲಿ ಮಾತ್ರ ಹೂಡಬೇಕು. ಸುತ್ತ ಹತ್ತು ಅಡಿ ತರಗನ್ನು ಗುಡಿಸಿ, ಬಿಂದಿಗೆಯಲ್ಲಿ ನೀರು ಇಟ್ಟುಕೊಂಡು, ಊಟವಾದ ಮೇಲೆ ಬೂದಿ ಕೈಗೆ ತಣ್ಣಗಾಗುವ ತನಕ ನೀರು ಹೊಯ್ಯತಕ್ಕದ್ದು. ಸೌದೆಯನ್ನು ಒಡೆಯರಿಂದಲೇ ಕೊಂಡರೆ ಗುಡ್ಡದ ಪೊದೆಗಳು ಉಳಿಯುವುವು. ಗ್ಯಾಸಿನ ಸಿಲಿಂಡರನ್ನೂ ಸೀಮೆಯೆಣ್ಣೆಯನ್ನೂ ರೈಲಿನಲ್ಲಿ ಒಯ್ಯುವುದಕ್ಕೆ ಅನುಮತಿಯಿಲ್ಲವೆಂಬುದು ನೆನಪಿರಲಿ.

ನೀರು

ಎಲ್ಲ ಲೆಕ್ಕಗಳಿಗಿಂತ ನೀರಿನ ಲೆಕ್ಕ ದೊಡ್ಡದು. ಹತ್ತಿ ನಡೆಯುವ ದಿನ ಒಬ್ಬರಿಗೆ ಕುಡಿಯುವುದಕ್ಕೇ ಮೂರು ಲೀಟರು ಬೇಕು. ಬೆಟ್ಟ ಹತ್ತಿ ಇಳಿಯುವ ತನಕ ಎರಡೆರಡು ಲೀಟರಿನಂತೆ ಐದು ಮಂದಿಗೆ ಹತ್ತು ಲೀಟರು, ಎಂದರೆ ಹತ್ತು ಕಿಲೋ ತೂಕವಾಯಿತು. ಇದನ್ನು ದೊಡ್ಡವರು ಹಂಚಿಕೊಂಡು ಹೊರಬೇಕು. ಮಕ್ಕಳ ಚೀಲವು ಅವರ ಮೈತೂಕದ ಹತ್ತರಲ್ಲೊಂದು ಪಾಲನ್ನು ಮೀರದಿರಲಿ.

ದಾರಿಯ ಕೆರೆಕುಂಟೆಗಳ ನೀರನ್ನು ಕುಡಿಯಕೂಡದು. 2018ರಿಂದ ಕೆ. ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಕೊಳಚೆನೀರನ್ನು ಶುದ್ಧಿಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅದು ಅಂತರ್ಜಲವನ್ನು ಏರಿಸುವುದಕ್ಕಾಗಿ ತಂದ ನೀರು, ಕುಡಿಯುವುದಕ್ಕಾಗಿ ಅಲ್ಲ. ಬಸವನ ಬಾಯಿಯ ನೀರನ್ನು ಭಕ್ತಿಯಿಂದ ತಲೆಗೆ ಪ್ರೋಕ್ಷಿಸಿಕೊಳ್ಳಿ. ಕುಡಿಯುವುದಾದರೆ ಕುದಿಸಿ ಆರಿಸಿದ್ದನ್ನು ಕುಡಿಯಿರಿ. ಎರಡನೆಯ ದಿನಕ್ಕೆ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನು ಕೊಳ್ಳಬಹುದು, ಬೆಲೆ ಅತ್ಯಲ್ಪ.

ತೋಟದ ಬಾವಿಯ ನೀರು ಬಿಟ್ಟಿಯೆಂದು ಯಾರೂ ಭಾವಿಸಬಾರದು. ಈ ಸೀಮೆಯಲ್ಲಿ ಸಾವಿರ ಅಡಿಗೂ ಆಳ ಕೊರೆದು, ಸಾಲ ಮಾಡಿ, ಅದೂ ಒಣಗಿ ಮತ್ತೊಂದನ್ನು ಕೊರೆಸಿದ ರೈತರು ಊರೂರಿಗೂ ಇದ್ದಾರೆ. ಅಂಥ ನೀರಿನಲ್ಲಿ ಮಕ್ಕಳು ಎರಚಾಡುವುದನ್ನು ನೋಡಿ ಒಡೆಯನು ಸೌಜನ್ಯದಿಂದ ಸುಮ್ಮನಿರಬಹುದು, ನಾವು ಸುಮ್ಮನಿರಬಾರದು. ಪಾತ್ರೆಗಳನ್ನು ಬೂದಿಯಿಂದ ಉಜ್ಜಿ ಒಂದು ಬಕೆಟ್ಟಿನಲ್ಲಿ ತೊಳೆದು, ಆ ನೀರನ್ನು ಗಿಡದ ಬುಡಕ್ಕೆ ಹೊಯ್ಯಿರಿ. ಎಲೆಯ ಮೇಲೆ ಉಂಡರೆ ತೊಳೆಯುವ ತಟ್ಟೆಗಳೂ ಇಲ್ಲ. ಉಂಡೆಲೆ ತೋಟದ ದನಕ್ಕೆ ಆದೀತು.

ಅಪಾಯಗಳು

ಅಂತರಗಂಗೆಯಲ್ಲಿ ಕೋತಿಗಳ ಹಾವಳಿ ಬಲವಾದದ್ದು. ಕೈಯಲ್ಲಿ ಪೊಟ್ಟಣ ಹಿಡಿದು ನಡೆಯಬಾರದು; ತಿಂಡಿಯನ್ನು ಚೀಲದೊಳಗೆ ಬಿಗಿಯಾಗಿ ಕಟ್ಟಬೇಕು; ಅವಕ್ಕೆ ತಿನ್ನಿಸಲೂ ಬಾರದು. ಕೋತಿ ಕಚ್ಚಿದರೆ ಸಾಬೂನು ಹಚ್ಚಿ ಕಾಲುಗಂಟೆ ತೊಳೆದು, ಅದೇ ದಿನ ವೈದ್ಯರನ್ನು ಕಾಣತಕ್ಕದ್ದು.

ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಕಾಣಿಕೆ ಹಾಕಿದರೆ ಚೇಳು ಕಚ್ಚದೆಂದು ಹಿರಿಯರ ನಂಬಿಕೆ. ಕಲ್ಲುಗುಡ್ಡಗಳ ಈ ಸೀಮೆಯಲ್ಲಿ ಆ ನಂಬಿಕೆ ಹುಟ್ಟಿದ್ದು ಕಾರಣವಿಲ್ಲದೆ ಅಲ್ಲ. ಕಾಣಿಕೆ ಹಾಕಿದವರೂ ಬೆಳಗ್ಗೆ ಬೂಡ್ಸನ್ನು ಕೊಡವಿಯೇ ಮೆಟ್ಟಬೇಕು, ಬರಿಗೈಯಿಂದ ಕಲ್ಲನ್ನೆತ್ತಬಾರದು, ರಾತ್ರಿ ದೀಪವಿಲ್ಲದೆ ಹೆಜ್ಜೆಯಿಡಬಾರದು. ಹಾವು ಕಚ್ಚಿದರೆ ಕೊಯ್ಯುವುದೂ ಹೀರುವುದೂ ಬಿಗಿಯಾಗಿ ಕಟ್ಟುವುದೂ ಹಾನಿಕರ. ಕಚ್ಚಿಸಿಕೊಂಡವರನ್ನು ನಡೆಯಗೊಡದೆ, ಆ ಅಂಗವನ್ನು ಅಲುಗಿಸದಂತೆ ಇರಿಸಿ, ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾಸ್ಪತ್ರೆಯಿದೆ; 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸು ಬರುವುದು. ಮೀಸಲಿಟ್ಟ ನಾಲ್ಕುನೂರು ರೂಪಾಯಿ ಇಂಥ ಹೊತ್ತಿಗೆ.

ಬಿಸಿಲಿಗೆ ಬಸವಳಿದವರನ್ನು ನೆರಳಿಗೆ ತಂದು, ಒಂದು ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಬೆಳಗಿನ ಆರೂವರೆಗೆ ಹತ್ತಲು ತೊಡಗಿ ಹನ್ನೊಂದರೊಳಗೆ ಇಳಿದರೆ ಆ ಪ್ರಸಂಗವೇ ಬಾರದು. ಮಾಲೂರಿನಿಂದ ಶನಿವಾರ ಬೆಳಗ್ಗೆ ಹೊರಟವರಿಗೆ ಅಷ್ಟು ಹೊತ್ತಿಗೆ ಬೆಟ್ಟದ ಬುಡ ಸಿಕ್ಕದು. ಅಂಥವರು ಶನಿವಾರ ನೆಟ್ಟಗೆ ಬಿಡಾರಕ್ಕೆ ಹೋಗಿ, ನೆರಳಿನಲ್ಲಿ ಪುಳಿಯೋಗರೆ ಉಂಡು, ಬಿಸಿಲು ತಗ್ಗಿದ ಮೇಲೆ ಗುಡಾರ ಕಟ್ಟಲಿ. ಬೆಟ್ಟವನ್ನು ಭಾನುವಾರದ ತಂಪು ಹೊತ್ತಿಗೆ ಇಟ್ಟುಕೊಳ್ಳಲಿ.

ಕೆಲಸದ ಹಂಚಿಕೆ

ಇಷ್ಟನ್ನೂ ಓದಿದ ಮೇಲೆ ಮನೆಯಾಕೆಯು, ಇದನ್ನೆಲ್ಲ ಮಾಡಬೇಕಾದವಳು ನಾನೇ ತಾನೆ ಎಂದು ನಿಟ್ಟುಸಿರು ಬಿಟ್ಟರೆ ಈ ಬರಹವು ವ್ಯರ್ಥ. ಆದಕಾರಣ ಹೊರಡುವ ಎಂಟು ದಿನ ಮೊದಲು ಮನೆಯವರೆಲ್ಲ ಕುಳಿತು, ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಒಬ್ಬೊಬ್ಬರ ಹೆಸರನ್ನು ಬರೆದು ಗೋಡೆಗೆ ಅಂಟಿಸತಕ್ಕದ್ದು. ಅಪ್ಪಣೆ, ಬಸ್ಸಿನ ವೇಳೆ, ತೋಟದವರೊಡನೆ ಮಾತು ಯಜಮಾನರದು. ಗುಡಾರ, ಹಗ್ಗ, ದೀಪ ಮಗಳದು. ಹೆಣ್ಣುಮಗಳಿಗೆ ಗಂಟು ಹಾಕಲು ಬರುವುದಿಲ್ಲವೆಂದು ಹೇಳುವವರು ಅವಳು ಹೂ ಕಟ್ಟುವುದನ್ನು ನೋಡಲಿ. ನೀರಿನ ಸೀಸೆಗಳನ್ನು ತುಂಬುವುದು, ಕಸವನ್ನು ಚೀಲಕ್ಕೆ ಹಾಕಿ ಮರಳಿ ತರುವುದು ಮಗನದು. ಔಷಧದ ಪೆಟ್ಟಿಗೆ, ಖರ್ಚಿನ ಪುಸ್ತಕ ನಾದಿನಿಯದು. ಪುಳಿಯೋಗರೆಯ ಗೊಜ್ಜನ್ನು ಮೂರು ದಿನ ಮುಂಚೆಯೇ ಕಾಯಿಸಿಟ್ಟರೆ ಹೊರಡುವ ಬೆಳಗ್ಗೆ ಅನ್ನ ಮಾಡಿ ಕಲಸುವುದಷ್ಟೆ ಉಳಿಯುವುದು. ಅದನ್ನು ಯಾರು ಬೇಕಾದರೂ ಮಾಡಬಹುದು.

ಶನಿವಾರದ ರಾತ್ರಿಯ ಅಡಿಗೆಯನ್ನು ಯಜಮಾನರು ವಹಿಸಿಕೊಳ್ಳಲಿ. ನಮ್ಮಲ್ಲಿ ಮದುವೆ ಸಮಾರಾಧನೆಗಳಲ್ಲಿ ನೂರಾರು ಮಂದಿಗೆ ಅಡಿಗೆ ಮಾಡುವವರು ಬಹುಮಟ್ಟಿಗೆ ಗಂಡಸರೇ. ಐದು ಮಂದಿಯ ಹುಳಿಯನ್ನವು ಅವರ ಜಾತಿಗೆ ಅಸಾಧ್ಯವಾದುದಲ್ಲ. ಉಪ್ಪು ಹೆಚ್ಚಿದರೂ ಕಡಮೆಯಾದರೂ ಯಾರೂ ಮಾತನಾಡಬಾರದು. ಆ ಹೊತ್ತಿನಲ್ಲಿ ಮನೆಯಾಕೆಯು ಸುಮ್ಮನೆ ಬೆಟ್ಟದ ಕಡೆ ನೋಡುತ್ತ ಕುಳಿತಿರಲಿ. ಭಾನುವಾರದ ಅವಲಕ್ಕಿಯನ್ನು ಮಕ್ಕಳು ಕಲಸಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಭಾನುವಾರದ ರಾತ್ರಿಯನ್ನು ಮೊದಲೇ ಯೋಚಿಸಬೇಕು. ಪ್ರಯಾಣ ಮುಗಿದು ಎಲ್ಲರೂ ಕಾಲು ಚಾಚಿದಾಗ ಒಬ್ಬಳು ಮಾತ್ರ ಅಡಿಗೆಯ ಮನೆಗೆ ಹೋಗಿ, ಆಮೇಲೆ ಮಣ್ಣಾದ ಬಟ್ಟೆಗಳನ್ನು ನೆನೆಸುತ್ತಾಳೆ. ಇದನ್ನು ತಪ್ಪಿಸುವುದಕ್ಕೆ ಆಹಾರದ ಕಲಮಿನಿಂದಲೇ ನೂರೈವತ್ತು ರೂಪಾಯಿಯನ್ನು ತೆಗೆದಿಟ್ಟು, ಇಡ್ಲಿಯನ್ನೋ ದೋಸೆಯನ್ನೋ ಹೋಟಲಿನಿಂದ ಕಟ್ಟಿಸಿ ತರಬೇಕು. ಬಟ್ಟೆಗಳು ಸೋಮವಾರಕ್ಕೆ ಇರಲಿ; ಅವರವರ ಕಂಬಳಿಯನ್ನು ಅವರವರೇ ಕೊಡವಿ ಮಡಿಸಲಿ. ಈ ನೂರೈವತ್ತು ರೂಪಾಯಿ ಇಡೀ ಪ್ರಯಾಣದಲ್ಲಿ ಅತ್ಯಂತ ಸಾರ್ಥಕವಾದ ವೆಚ್ಚವೆಂದು ನಮ್ಮ ಅಭಿಪ್ರಾಯ.

ಹೊರಡುವಾಗ

ಭಾನುವಾರ ಬಿಡಾರವನ್ನು ಎತ್ತುವಾಗ ಎಲ್ಲರೂ ಸಾಲಾಗಿ ನಿಂತು ನೆಲವನ್ನು ನೋಡುತ್ತ ಒಂದು ಸಲ ನಡೆಯಿರಿ. ಬಾಳೆಯಹಣ್ಣಿನ ಸಿಪ್ಪೆ, ದಾರದ ತುಂಡು, ಪೊಟ್ಟಣದ ಚೂರು ಏನಿದ್ದರೂ ಚೀಲ ಸೇರಲಿ. ದನಕರುಗಳು ಪ್ಲಾಸ್ಟಿಕ್ಕನ್ನು ತಿಂದು ಸಾಯುವುದುಂಟು. ಜಾಗ ಕೊಟ್ಟವರಿಗೆ ಹಣವನ್ನು ಕೊಡುವಾಗ ಚೌಕಾಸಿ ಬೇಡ. ಅವರು ಬೇಡವೆಂದರೆ ಮನೆಯ ಮಕ್ಕಳಿಗೆ ಪುಸ್ತಕವನ್ನೋ ಹಣ್ಣನ್ನೋ ಕೊಡಿ. ಹಾಲು, ತರಕಾರಿ, ಸೌದೆಗಳಿಗೆ ಅವರು ಕೇಳಿದ ಬೆಲೆಯನ್ನು ಕೊಟ್ಟರೆ ಪೇಟೆಯಲ್ಲಿ ಕೊಡುವುದಕ್ಕಿಂತ ಹೆಚ್ಚೇನೂ ಆಗದು. ಮುಂದಿನ ಸಲ ಹೋದಾಗ ಬಾಗಿಲು ತೆರೆದಿರುವುದು.

ಮನೆಗೆ ಬಂದ ಮಾರನೆಯ ದಿನ ಖರ್ಚಿನ ಪುಸ್ತಕವನ್ನು ತೆರೆದು ನಾಲ್ಕು ಕಲಮುಗಳನ್ನೂ ಕೂಡಿಸಿ ನೋಡಿ. ಆಮೇಲೆ ಅದರ ಕೆಳಗೆ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರೆಯಿರಿ: ಮನೆಯಲ್ಲಿ ಅತಿ ಹೆಚ್ಚು ದಣಿದವರು ಯಾರು? ನಾವು ಉಪಯೋಗಿಸಿದ ನೀರು ಎಷ್ಟು, ಯಾರದು? ಬಿಡಾರದ ಜಾಗವು ನಾವು ಬಂದಾಗ ಇದ್ದಂತೆಯೇ ಇದೆಯೆ? ಮೊದಲನೆಯ 

ಪ್ರಶ್ನೆಗೆ ಯಾವಾಗಲೂ ಒಂದೇ ಹೆಸರು ಬರುತ್ತಿದ್ದರೆ ಮುಂದಿನ ಪ್ರಯಾಣದಲ್ಲಿ ಗೋಡೆಯ ಹಾಳೆಯನ್ನು ತಿದ್ದಬೇಕು. ಹೀಗೆ ಎರಡು ಮೂರು ಸಲ ತಿದ್ದಿದ ಸಂಸಾರಕ್ಕೆ ವರ್ಷದಲ್ಲಿ ನಾಲ್ಕು ಬಾರಿ ಬೆಟ್ಟದ ಗಾಳಿಯು ದುಬಾರಿಯಾಗದು. ಹೊರಡೋಣವೆಂದು ಮಕ್ಕಳು ಕೇಳಿದಾಗ ಮೊದಲು ಎದ್ದು ಚೀಲವನ್ನು ತೆಗೆಯುವವಳು ತಾಯಿಯೇ ಆಗುವಳು.

ಮುಂದಿನ ತಿಂಗಳು ಬೇಸಗೆಯಲ್ಲಿ ಧಾನ್ಯಗಳನ್ನು ಹುಳು ಹಿಡಿಯದಂತೆ ಕಾಪಾಡುವ ವಿಷಯವನ್ನು ವಿಚಾರಿಸೋಣ.